ಒಂದೇ ಅಡಿಕೆ ಲೆಕ್ಕ, ಮೂರು ಚೀಟಿ: ಡೆಬ್, ಆರ್‌ಪಿಎಂ, ಆರ್ಚ್

ಶಿವಮೊಗ್ಗದ ಮಂಡಿಯಲ್ಲಿ ಮೂಟೆ ಬಿಚ್ಚುವ ಮೊದಲು ಚೀಟಿ ನೋಡುತ್ತಾರೆ. ರಾಶಿಯೋ, ಬೆಟ್ಟೆಯೋ, ಗೊರಬಲೋ, ಯಾರ ಮಾಲು, ತೂಕ ಎಷ್ಟು ಎಲ್ಲ ಅಲ್ಲೇ ಗೊತ್ತಾಗಬೇಕು. ಲಿನಕ್ಸ್ ಪ್ಯಾಕೇಜಿಗೂ, ಅಂದರೆ ಒಂದು ಪ್ರೋಗ್ರಾಮಿನ ಫೈಲುಗಳನ್ನು ಸೇರಿಸಿ ಕಟ್ಟಿದ ಮೂಟೆಗೂ, ಇಂಥದ್ದೇ ಒಂದು ಚೀಟಿ ಇದೆ: ಹೆಸರು, ಆವೃತ್ತಿ, ಇದು ಓಡಲು ಇನ್ನೇನೇನು ಬೇಕು. ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ ಒಳಗಿನ ಫೈಲು ಮುಟ್ಟುವ ಮೊದಲು ಓದುವುದು ಇದನ್ನೇ.

ಇಲ್ಲಿ ಎದುರುಬದುರು ಇಟ್ಟಿರುವುದು ಲಿನಕ್ಸಿನ ಮೂರು ಬಗೆಗಳ ಚೀಟಿ: ಡೆಬಿಯನ್‌ನ ಕಂಟ್ರೋಲ್ ಫೈಲು (ಅದರ ಪ್ಯಾಕೇಜು ಡೆಬ್), ಫೆಡೋರಾದ ಸ್ಪೆಕ್ ಫೈಲು (ಅದರ ಪ್ಯಾಕೇಜು ಆರ್‌ಪಿಎಂ), ಆರ್ಚ್‌ನ ಪಿಕೆಜಿಬಿಲ್ಡ್. ಮೂರರಲ್ಲೂ ಕಟ್ಟಿದ ಮಾಲು ಒಂದೇ: ಅಡಿಕೆಯ ತೂಕ ಮತ್ತು ಹಣದ ಲೆಕ್ಕ ಮಾಡುವ ಪೈಥಾನ್ ಸ್ಕ್ರಿಪ್ಟ್, ಜೊತೆಗೆ ಆ ದಿನದ ಧಾರಣೆ ಬರೆದಿಡುವ ಒಂದು ಸೆಟ್ಟಿಂಗ್ ಫೈಲು. ತೆರೆಯ ಮೇಲೆ ಕನ್ನಡ ಮೂಡಲು ಒಂದು ಫಾಂಟೂ ಬೇಕು. ಷರತ್ತು ಮಲೆನಾಡಿನದು: ಜುಲೈ ಮಳೆ, ಹೊಸನಗರದ ಕಡೆಯ ಒಂದು ಸೊಸೈಟಿಯಂಥ ಜಾಗ, ನೆಟ್ ನಂಬುವಂತಿಲ್ಲ, ಕೈಯಲ್ಲಿರುವುದು ಪೆನ್‌ಡ್ರೈವ್. (ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ.)

ಬರೆಯಲು ಆರ್ಚ್ ಸುಲಭ, ಬರೆದವರ ತಪ್ಪು ಹಿಡಿಯುವುದರಲ್ಲಿ ಆರ್‌ಪಿಎಂ ಗಟ್ಟಿ, ಘಟ್ಟದ ಊರಿಗೆ ಹೊತ್ತೊಯ್ಯಲು ಡೆಬ್ ವಾಸಿ. ಇದು ನಮ್ಮ ತೀರ್ಪು. ಕಾರಣ ಕೆಳಗಿದೆ.

ಚೀಟಿ ಬರೆಯುವಾಗ

ಡೆಬ್ ಕಟ್ಟುವ ಡಿಪಿಕೆಜಿ-ಡೆಬ್ ಪ್ರೋಗ್ರಾಮಿನಿಂದ ಕೈಯಲ್ಲೇ ಕಟ್ಟುವುದಾದರೆ ಕಂಟ್ರೋಲ್ ಫೈಲಿಗೆ ಆರು ಅಂಶ ಸಾಕು: ಪ್ಯಾಕೇಜ್, ವರ್ಷನ್, ಆರ್ಕಿಟೆಕ್ಚರ್, ಮೇಂಟೇನರ್, ಡಿಪೆಂಡ್ಸ್, ಡಿಸ್ಕ್ರಿಪ್ಷನ್. ನಮ್ಮ ಸ್ಕ್ರಿಪ್ಟ್ ಯಾವ ಪ್ರೊಸೆಸರಿನಲ್ಲಾದರೂ ಓಡುವುದರಿಂದ ಆರ್ಕಿಟೆಕ್ಚರ್ ಎದುರು 'ಆಲ್' ಎಂದಿರಬೇಕು. ಡೆಬಿಯನ್‌ನಲ್ಲಿ 'ಎನಿ' ಎಂದರೆ ಪ್ರತಿ ಪ್ರೊಸೆಸರಿಗೂ ಬೇರೆಬೇರೆಯಾಗಿ ಕಟ್ಟು ಎಂದು. ಆರ್ಚ್‌ನಲ್ಲಿ ಅದೇ 'ಎನಿ'ಗೆ ಎಲ್ಲಕ್ಕೂ ಒಂದೇ ಎಂಬ ಅರ್ಥ. ಆರ್‌ಪಿಎಂ ಇದನ್ನು 'ನೋಆರ್ಕ್' ಎನ್ನುತ್ತದೆ. ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವವರು ಎಡವುವುದು ಮೊದಲು ಇಲ್ಲೇ.

ಪ್ಯಾಕೇಜಿನ ಹೆಸರಿಗೆ ಡೆಬಿಯನ್‌ನಲ್ಲಿ ಕನ್ನಡ ಅಕ್ಷರ ನಡೆಯುವುದಿಲ್ಲ. ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಮತ್ತು ಪ್ಲಸ್, ಅಡ್ಡಗೆರೆ, ಚುಕ್ಕೆ ಇಷ್ಟೇ. ವಿವರಣೆಯನ್ನು ಮಾತ್ರ ಕನ್ನಡದಲ್ಲೇ ಬರೆಯಬಹುದು. ವಿವರಣೆಯ ಎರಡನೇ ಸಾಲಿನಿಂದ ಪ್ರತಿ ಸಾಲಿನ ಮುಂದೆ ಒಂದು ಖಾಲಿ ಜಾಗ ಬೇಕು. ಪ್ಯಾರಾ ಬಿಡಬೇಕಾದರೆ ಖಾಲಿ ಜಾಗ, ಆಮೇಲೆ ಒಂದು ಚುಕ್ಕೆ. ಸಾಲನ್ನು ಪೂರ್ತಿ ಖಾಲಿ ಬಿಟ್ಟಿರೋ, ಚೀಟಿ ಅಲ್ಲಿಗೇ ಮುಗಿಯಿತು ಎಂದು ಓದಿಕೊಳ್ಳುತ್ತದೆ. ಮೊಬೈಲಿನಿಂದ ನಕಲು ಮಾಡಿದ ಪಠ್ಯದಲ್ಲಿ ಕಣ್ಣಿಗೆ ಖಾಲಿ ಜಾಗದಂತೆಯೇ ಕಾಣುವ ಬೇರೆ ಅಕ್ಷರ ಸೇರಿರಬಹುದು. ಡೆಬ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ಅದನ್ನು ಖಾಲಿ ಜಾಗ ಎಂದು ಒಪ್ಪುವುದಿಲ್ಲ. ಹಾಗಾಗಿ ಸಾಲಿನ ಮೊದಲ ಜಾಗವನ್ನು ಅಳಿಸಿ ಕೈಯಲ್ಲೇ ಒತ್ತಿ.

ಕನ್ನಡದ ವಿಷಯದಲ್ಲಿ ಆರ್‌ಪಿಎಂ ಮುಂದಿದೆ. ಒಂದೇ ಸ್ಪೆಕ್ ಫೈಲಿನಲ್ಲಿ ಇಂಗ್ಲಿಷ್ ಸಾರಾಂಶದ ಕೆಳಗೆ 'ಸಮ್ಮರಿ'ಗೆ ಕೆಎನ್ ಎಂಬ ಭಾಷಾ ಗುರುತು ಹಾಕಿ ಕನ್ನಡದ್ದನ್ನೂ ಸೇರಿಸಬಹುದು. ಡೆಬಿಯನ್‌ನಲ್ಲಿ ಅನುವಾದ ಚೀಟಿಯ ಒಳಗಿರುವುದಿಲ್ಲ, ರೆಪೊಸಿಟರಿಯ (ಪ್ಯಾಕೇಜುಗಳ ಉಗ್ರಾಣದ) ಬೇರೆ ಫೈಲಿನಲ್ಲಿ ಇರುತ್ತದೆ. ಆರ್ಚ್‌ನ ಚೀಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಸ್ಪೆಕ್ ಫೈಲು ಉದ್ದ. ಆದರೆ ಕಾವಲುಗಾರನ ಹಾಗೆ ಕೆಲಸ ಮಾಡುತ್ತದೆ. ಇನ್‌ಸ್ಟಾಲ್ ಭಾಗದಲ್ಲಿ ಇಟ್ಟ ಒಂದು ಫೈಲನ್ನು 'ಫೈಲ್ಸ್' ಪಟ್ಟಿಯಲ್ಲಿ ಬರೆಯಲು ಮರೆತರೆ ಕಟ್ಟುವುದನ್ನೇ ನಿಲ್ಲಿಸುತ್ತದೆ. ಬದಲಾವಣೆಗಳನ್ನು ದಾಖಲಿಸುವ ಚೇಂಜ್‌ಲಾಗ್‌ನಲ್ಲಿ 2024ರ ಮಾರ್ಚ್ 5 ಬುಧವಾರ ಎಂದು ಬರೆದು ನೋಡಿ, ಆ ದಿನ ಮಂಗಳವಾರವಾದ್ದರಿಂದ ದಿನಾಂಕ ಖೊಟ್ಟಿ ಎಂಬ ಎಚ್ಚರಿಕೆ ಬರುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲು ಓದಿ ಪೈಥಾನ್ ಬೇಕು ಎಂಬುದನ್ನು ತಾನೇ ಸೇರಿಸಿಕೊಳ್ಳುತ್ತದೆ. ಸ್ಕ್ರಿಪ್ಟಿಗೆ ಎಕ್ಸಿಕ್ಯೂಟ್ ಅನುಮತಿ ಇರಬೇಕು ಅಷ್ಟೆ. ಫಾಂಟನ್ನು ಮಾತ್ರ ನಾವೇ ಬರೆಯಬೇಕು. ಒಂದು ಗುಂಡಿ ಇದೆ: ಕಾಮೆಂಟ್ ಸಾಲಿನಲ್ಲಿರುವ ಶೇಕಡಾ ಚಿಹ್ನೆಯನ್ನೂ ಮ್ಯಾಕ್ರೋ (ಬೇರೆ ಪಠ್ಯವಾಗಿ ಬಿಡಿಸುವ ಸಂಕ್ಷೇಪ) ಎಂದು ಬಿಡಿಸಲು ಹೋಗುತ್ತದೆ. 'ಶೇ. ತೇವಾಂಶ ಕಡಿತ' ಎಂಬ ಟಿಪ್ಪಣಿಗೆ ಚಿಹ್ನೆ ಹಾಕುವುದಿದ್ದರೆ ಎರಡು ಸಲ ಹಾಕಿ.

ಪಿಕೆಜಿಬಿಲ್ಡ್ ಬ್ಯಾಷ್ ಸ್ಕ್ರಿಪ್ಟೇ ಆಗಿರುವುದರಿಂದ ಶೆಲ್ ಬಲ್ಲವರಿಗೆ ಒಂದು ಚಹಾ ಮುಗಿಯುವಷ್ಟರಲ್ಲಿ ಚೀಟಿ ಸಿದ್ಧ. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬಾರದು, ಫೈಲುಗಳನ್ನು ಇಡುವ ಫೋಲ್ಡರನ್ನು ಸೂಚಿಸುವ ಪಿಕೆಜಿಡಿರ್ ಸುತ್ತ ಉದ್ಧರಣ ಚಿಹ್ನೆ ಹಾಕಲು ಮರೆಯಬಾರದು. ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ತಿದ್ದಿ ಸಾಲಿನ ಕೊನೆ ವಿಂಡೋಸ್ ಶೈಲಿಗೆ ತಿರುಗಿದ್ದರೆ ಆರ್ಚ್ ಪ್ಯಾಕೇಜು ಕಟ್ಟುವ ಮೇಕ್‌ಪಿಕೆಜಿ ಕಾರಣ ಹೇಳಿಯೇ ನಿಲ್ಲುತ್ತದೆ. ಡೆಬಿಯನ್‌ನ ಪೋಸ್ಟ್‌ಇನ್‌ಸ್ಟ್‌ನಲ್ಲಿ (ಇನ್‌ಸ್ಟಾಲ್ ಆದಮೇಲೆ ಓಡುವ ಸ್ಕ್ರಿಪ್ಟಿನಲ್ಲಿ) ಇದೇ ತಪ್ಪಾದರೆ ಬರುವುದು 'ಅಂಥ ಫೈಲಿಲ್ಲ' ಎಂಬ ದಾರಿ ತಪ್ಪಿಸುವ ಉತ್ತರ. ಆದರೆ ಆರ್ಚ್‌ನ ಚೀಟಿ ಓದುವುದೆಂದರೆ ಅದನ್ನು ಓಡಿಸುವುದೇ. ಗುರುತಿಲ್ಲದವರು ಬರೆದದ್ದನ್ನು ಪೂರ್ತಿ ಕಣ್ಣಾಡಿಸದೆ ಮೇಕ್‌ಪಿಕೆಜಿಗೆ ಕೊಡಬೇಡಿ.

ಅವಲಂಬನೆಯ ಹೆಸರುಗಳೂ ಒಂದೊಂದು ಕಡೆ ಒಂದೊಂದು. ಡೆಬಿಯನ್‌ನಲ್ಲಿ ಪೈಥಾನ್3 ಮತ್ತು ಫಾಂಟ್ಸ್-ಲೋಹಿತ್-ಕೆಎನ್‌ಡಿಎ. ಫೆಡೋರಾದಲ್ಲಿ ಪೈಥಾನ್3 ಮತ್ತು ಲೋಹಿತ್-ಕನ್ನಡ-ಫಾಂಟ್ಸ್. ಆರ್ಚ್‌ನಲ್ಲಿ ಬರೀ ಪೈಥಾನ್, ಫಾಂಟಿಗೆ ನೋಟೋ-ಫಾಂಟ್ಸ್.

ಆವೃತ್ತಿಯ ಲೆಕ್ಕ

1.0ಆರ್‌ಸಿ1 ಎಂಬ ಪ್ರಾಯೋಗಿಕ ಆವೃತ್ತಿ 1.0ಕ್ಕಿಂತ ಹಳೆಯದು ಎಂದು ಆರ್ಚ್‌ನ ಇನ್‌ಸ್ಟಾಲ್ ಪ್ರೋಗ್ರಾಂ ಪ್ಯಾಕ್‌ಮ್ಯಾನಿಗೆ ತಾನೇ ಗೊತ್ತು. ಡೆಬ್ ಮತ್ತು ಆರ್‌ಪಿಎಂ ಎರಡೂ ಅದನ್ನೇ ಹೊಸದೆಂದು ತಿಳಿದು, ಅಸಲಿ 1.0 ಬಂದಾಗ ಅಪ್‌ಡೇಟ್ ಮಾಡುವುದಿಲ್ಲ. ಆ ಎರಡರಲ್ಲಿ 1.0 ಆದಮೇಲೆ ಟಿಲ್ಡೆ ಚಿಹ್ನೆ (~) ಹಾಕಿ ಆರ್‌ಸಿ1 ಎಂದು ಬರೆಯಿರಿ.

ಧಾರಣೆ ಫೈಲು ಉಳಿಯಬೇಕು

ಹೋಲಿಕೆಯ ಹೂರಣ ಇದು. ಸೊಸೈಟಿಯವರು ಬೆಳಿಗ್ಗೆ ಧಾರಣೆ ತಿದ್ದಿರುತ್ತಾರೆ. ಪ್ಯಾಕೇಜಿನ ಹೊಸ ಆವೃತ್ತಿ ಹಾಕಿದಾಗ ಅವರು ತಿದ್ದಿದ್ದು ಹೋಗಬಾರದು. ಇದು ಸೆಟ್ಟಿಂಗ್ ಫೈಲು ಎಂದು ಚೀಟಿಯಲ್ಲಿ ಹೇಳದಿದ್ದರೆ ಮೂರೂ ಸದ್ದಿಲ್ಲದೆ ಅಳಿಸಿ ಹೊಸದನ್ನು ಬರೆಯುತ್ತವೆ.

ಡೆಬಿಯನ್‌ನಲ್ಲಿ ಕಂಟ್ರೋಲ್ ಪಕ್ಕದಲ್ಲೇ ಕಾನ್ಫ್‌ಫೈಲ್ಸ್ ಎಂಬ ಫೈಲಿಟ್ಟು ಪೂರ್ಣ ದಾರಿ ಬರೆಯಬೇಕು, ಮೊದಲ ಓರೆಗೆರೆ ಸಮೇತ. ಡೆಬ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ಬಳಸಿದರೆ /ಇಟಿಸಿ ಕೆಳಗಿನದೆಲ್ಲ ತಾನಾಗಿ ಸೇರುತ್ತದೆ. ಆರ್ಚ್‌ನಲ್ಲಿ ಬ್ಯಾಕಪ್ ಪಟ್ಟಿಗೆ ಅದೇ ದಾರಿ, ಆದರೆ ಮೊದಲ ಓರೆಗೆರೆ ಇರಕೂಡದು. ಇದ್ದರೆ ತಪ್ಪು ತೋರಿಸಿ ನಿಲ್ಲುತ್ತದೆ. ಆರ್‌ಪಿಎಂನಲ್ಲಿ 'ಕಾನ್ಫಿಗ್' ಮತ್ತು 'ಕಾನ್ಫಿಗ್ ನೋರೀಪ್ಲೇಸ್' ಎಂದು ಎರಡಿವೆ. ಮೊದಲನೆಯದರಲ್ಲಿ ಹೊಸ ಫೈಲು ಬಂದಾಗ ನೀವು ತಿದ್ದಿದ್ದು ಆರ್‌ಪಿಎಂಸೇವ್ ಎಂಬ ಹೆಸರಿನಲ್ಲಿ ಮೂಲೆ ಸೇರಿ, ಪ್ರೋಗ್ರಾಂ ಹೊಸ ಫೈಲಿನ ಧಾರಣೆ ಹಿಡಿದು ಲೆಕ್ಕ ಮಾಡುತ್ತದೆ. ಬೇಕಾದ್ದು ಎರಡನೆಯದು: ಹಳೆಯದು ಜಾಗದಲ್ಲೇ ಉಳಿದು ಹೊಸದು ಆರ್‌ಪಿಎಂನ್ಯೂ ಎಂದು ಪಕ್ಕಕ್ಕೆ ಕೂರುತ್ತದೆ. ಆರ್ಚ್ ಕೂಡ ಹೀಗೇ, ಪ್ಯಾಕ್‌ನ್ಯೂ ಎಂಬ ಹೆಸರಿನಲ್ಲಿ.

ಡೆಬಿಯನ್ ಮಾತ್ರ ಕೆಲಸ ನಿಲ್ಲಿಸಿ ಕೇಳುತ್ತದೆ: ನಿಮ್ಮದು ಇಡಲೋ, ಹೊಸದು ಹಾಕಲೋ? ಎದುರಿಗೆ ಕೂತವರಿಗೆ ಇದೇ ಒಳ್ಳೆಯದು. ಯಾರೂ ಇಲ್ಲದಾಗ ಅಪ್‌ಡೇಟ್ ಅಲ್ಲೇ ಕಾಯುತ್ತಾ ನಿಲ್ಲುತ್ತದೆ, ಅಷ್ಟರಲ್ಲಿ ಕರೆಂಟ್ ಹೋದರೆ ಪ್ಯಾಕೇಜು ಅರ್ಧಂಬರ್ಧ. ಅದಕ್ಕೆ ಫೋರ್ಸ್-ಕಾನ್ಫ್‌ಓಲ್ಡ್ ಆಯ್ಕೆ ಕೊಟ್ಟು ಓಡಿಸಿ. ಅರ್ಧಕ್ಕೆ ನಿಂತದ್ದನ್ನು ಡಿಪಿಕೆಜಿ --ಕಾನ್ಫಿಗರ್ -ಎ ಮುಗಿಸುತ್ತದೆ. ಇನ್ನೊಂದು: ಸೆಟ್ಟಿಂಗ್ ಫೈಲನ್ನು ಯಾರಾದರೂ ಅಳಿಸಿದ್ದರೆ, ಬೇಕೆಂದೇ ಅಳಿಸಿದ್ದಾರೆ ಎಂದು ಡಿಪಿಕೆಜಿ ಭಾವಿಸುತ್ತದೆ. ಎಷ್ಟು ಸಲ ಮರಳಿ ಇನ್‌ಸ್ಟಾಲ್ ಮಾಡಿದರೂ ಬರುವುದಿಲ್ಲ, ಫೋರ್ಸ್-ಕಾನ್ಫ್‌ಮಿಸ್ ಬೇಕು.

ಪೆನ್‌ಡ್ರೈವಿನಲ್ಲಿ ಹೊತ್ತಾಗ

ಮೊದಲು, ಪೆನ್‌ಡ್ರೈವಿನ ಮೇಲೇ ಡೆಬ್ ಕಟ್ಟಬೇಡಿ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾದ ಫ್ಯಾಟ್ ವ್ಯವಸ್ಥೆಯ ಡಿಸ್ಕಿನಲ್ಲಿ ಎಲ್ಲ ಫೋಲ್ಡರಿನ ಅನುಮತಿ 777 ಎಂದೇ ಕಂಡರೆ, 0755ರಿಂದ 0775ರೊಳಗೆ ಇರಬೇಕೆಂದು ಡಿಪಿಕೆಜಿ-ಡೆಬ್ ನಿರಾಕರಿಸುತ್ತದೆ. ಹಾರ್ಡ್‌ಡಿಸ್ಕಿನಲ್ಲಿ, ರೂಟ್-ಓನರ್-ಗ್ರೂಪ್ ಆಯ್ಕೆಯೊಂದಿಗೆ ಕಟ್ಟಿ ಆಮೇಲೆ ನಕಲು ಮಾಡಿ.

ಡೆಬಿಯನ್‌ನಲ್ಲಿ ಪ್ಯಾಕೇಜುಗಳಿರುವ ಫೋಲ್ಡರಿನ ಒಳಗೆ ಹೋಗಿಯೇ ಡಿಪಿಕೆಜಿ-ಸ್ಕ್ಯಾನ್‌ಪ್ಯಾಕೇಜಸ್ ಓಡಿಸಿ, ಅದು ಕೊಡುವ ಪಟ್ಟಿಯನ್ನು ಪ್ಯಾಕೇಜಸ್ ಎಂಬ ಫೈಲಿಗೆ ಬರೆಯಿರಿ. ಹೊರಗಿನಿಂದ ಓಡಿಸಿದರೆ ಚೀಟಿಯಲ್ಲಿನ ದಾರಿ ತಪ್ಪಿ ಫೈಲು ಸಿಗುವುದಿಲ್ಲ. ಪ್ಯಾಕೇಜು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಯಲ್ಲಿ ಟ್ರಸ್ಟೆಡ್=ಯೆಸ್ ಹಾಕಿ. ಪೆನ್‌ಡ್ರೈವ್ /ಮೀಡಿಯಾ ಕೆಳಗೆ ಬಳಕೆದಾರರ ಹೆಸರಿನಲ್ಲಿ ತೆರೆದುಕೊಂಡಿದ್ದರೆ ಪ್ಯಾಕೇಜು ಹುಡುಕಿ ತರುವ ಆಪ್ಟ್‌ಗೆ ಓದಲು ಅನುಮತಿ ಇರುವುದಿಲ್ಲ. ಫೋಲ್ಡರನ್ನು ಡಿಸ್ಕಿಗೆ ನಕಲು ಮಾಡಿಕೊಳ್ಳುವುದೇ ಕ್ಷೇಮ.

ಫೆಡೋರಾದಲ್ಲಿ ಕ್ರಿಯೇಟ್‌ರೆಪೊ_ಸಿ ಒಂದೇ ಏಟಿಗೆ ಈ ಪಟ್ಟಿಯನ್ನು ರೆಪೊಡೇಟಾ ಎಂಬ ಹೆಸರಿನಲ್ಲಿ ಬರೆಯುತ್ತದೆ. ಆದರೆ ಅಲ್ಲಿ ಪ್ಯಾಕೇಜು ತಂದು ಹಾಕುವ ಡಿಎನ್ಎಫ್ ಹಳೆಯ ಚೀಟಿಯನ್ನು ಪೂರ್ವನಿಯೋಜಿತವಾಗಿ 48 ಗಂಟೆ ಇಟ್ಟುಕೊಳ್ಳುತ್ತದೆ. ಹೊಸ ಆರ್‌ಪಿಎಂ ಹಾಕಿದರೂ ಕಾಣದಿದ್ದರೆ ರಿಫ್ರೆಶ್ ಆಯ್ಕೆ ಕೊಡಿ.

ಆರ್ಚ್ ಸೋಲುವುದು ಇಲ್ಲೇ. ಆವೃತ್ತಿಗೆ ಇಪೋಕ್ (ಆವೃತ್ತಿಯ ಮುಂದೆ ಹಾಕುವ ಒಂದು ಅಂಕಿ) ಇದ್ದರೆ ಅದರ ಫೈಲಿನ ಹೆಸರಿನಲ್ಲೇ ಕೋಲನ್ ಬರುತ್ತದೆ, ಫ್ಯಾಟ್ ಡಿಸ್ಕು ಕೋಲನ್ ಒಪ್ಪುವುದಿಲ್ಲ. ಡೆಬ್ ಮತ್ತು ಆರ್‌ಪಿಎಂ ಕಟ್ಟುವಾಗ ಇಪೋಕನ್ನು ಫೈಲಿನ ಹೆಸರಿಗೆ ಸೇರಿಸುವುದಿಲ್ಲ. ಪೆನ್‌ಡ್ರೈವನ್ನು ಲಿನಕ್ಸಿನ ಇಎಕ್ಸ್‌ಟಿ4 ವ್ಯವಸ್ಥೆಗೆ ಬದಲಿಸಿಕೊಂಡರೂ ದೊಡ್ಡ ತೊಡಕು ಉಳಿಯುತ್ತದೆ: ಬೇಕಾದಷ್ಟನ್ನೇ ಆರಿಸಿ ಅಪ್‌ಡೇಟ್ ಮಾಡುವುದಕ್ಕೆ ಆರ್ಚ್‌ನಲ್ಲಿ ಬೆಂಬಲವಿಲ್ಲ, ಒಯ್ಯುವುದಾದರೆ ಇಡೀ ಸಿಸ್ಟಮ್ಮಿನ ಹೊಸ ಪ್ಯಾಕೇಜುಗಳನ್ನೇ ಒಯ್ಯಬೇಕು.

ಮೂರಕ್ಕೂ ಅನ್ವಯಿಸುವ ಒಂದು ಮಾತು. ಪೇಟೆಯ ಕಂಪ್ಯೂಟರಿನಲ್ಲಿ ಪ್ಯಾಕೇಜು ಇಳಿಸಿಕೊಳ್ಳುವಾಗ ಅಲ್ಲಿ ಆಗಲೇ ಇರುವ ಫಾಂಟು, ಪೈಥಾನ್ ಇಳಿಯುವುದಿಲ್ಲ, ಊರಿನ ಕಂಪ್ಯೂಟರಿನಲ್ಲಿ ಅವೇ ಇರುವುದಿಲ್ಲ. ಡಿಎನ್ಎಫ್ ಡೌನ್‌ಲೋಡ್‌ಗೆ ರಿಸಾಲ್ವ್ ಜೊತೆ ಆಲ್‌ಡೆಪ್ಸ್ ಕೊಟ್ಟರೆ ಎಲ್ಲವೂ ಬರುತ್ತದೆ. ಡೆಬಿಯನ್‌ನಲ್ಲಿ ಏನೂ ಸೇರಿಸದ, ಅದೇ ಆವೃತ್ತಿಯ ಹೊಸ ಇನ್‌ಸ್ಟಾಲ್ ಮೇಲೆ ಇಳಿಸಿಕೊಳ್ಳಿ.

ನೆಟ್ ಬಂದ ದಿನ ಡೆಬಿಯನ್ 'ರಿಲೀಸ್ ಫೈಲು ಇನ್ನೂ ಜಾರಿಗೆ ಬಂದಿಲ್ಲ' ಎಂದು ಹೇಳಿದರೆ ಚೀಟಿಯಲ್ಲಿ ದೋಷವಿಲ್ಲ, ಗಡಿಯಾರ ಹಿಂದಿದೆ. ಕರೆಂಟ್ ಹೋಗಿ ಬರುವ ಕಡೆ ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿರಬಹುದು. ಹೆಚ್ಚಿನವಕ್ಕೆ ಸಿಆರ್2032 ಸರಿಹೋಗುತ್ತದೆ, ವಾಚ್ ಅಂಗಡಿಯಲ್ಲಿ ಕೇಳಿ.