‘ಡೈರೆಕ್ಟ್ ಮಾಡೀನ್ರಿ’ ಅಂದರೆ ಡ್ರೈಯರ್ ಆನ್ ಮಾಡಬೇಡಿ

ಕಲಬುರಗಿಯಲ್ಲಿ ಬಟ್ಟೆ ಒಣಗಿಸೋಕೆ ಮೆಷಿನ್ ಇದೆ ಅಂದರೆ ಜನ ನಗುತ್ತಾರೆ. ನಗಲಿ. ಮೇ ತಿಂಗಳ ನಮ್ಮ ಬಿಸಿಲಿಗೆ ಸೀರೆಗೆ ಕ್ಲಿಪ್ ಹಾಕುವಷ್ಟರಲ್ಲಿ ಅರ್ಧ ಒಣಗಿರುತ್ತದೆ. ಆದರೆ ನಮ್ಮ ಅತ್ತೆ ಹಾಸಿಗೆ ಹಿಡಿದು ಎರಡು ವರ್ಷ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಬೆಡ್‌ಶೀಟ್ ಎಲ್ಲಿ ಒಣ ಹಾಕಲಿ? ಅದಕ್ಕೇ ಡ್ರೈಯರ್ ತಂದೆವು. ಬಿಸಿಗಾಳಿಯನ್ನು ಪೈಪಿನಿಂದ ಕಿಟಕಿಯಾಚೆ ಬಿಡುವಂಥದ್ದು.

ಹೋದ ಆಗಸ್ಟ್‌ನಲ್ಲಿ ಅದು ಜಾಸ್ತಿ ಕಾಯತೊಡಗಿತು. ನೈಟಿ ತೆಗೆಯುವಾಗ ಜಿಪ್ ತಾಗಿ ಬೆರಳು ಚುರ್ ಅಂತು. ಲಂಗದ ಎಲಾಸ್ಟಿಕ್ ಎಲ್ಲ ಸಡಿಲ. ವಿಚಿತ್ರ ಏನೆಂದರೆ, ಇಷ್ಟು ಬಿಸಿ ಇದ್ದರೂ 50 ನಿಮಿಷಕ್ಕೆ ಒಣಗುತ್ತಿದ್ದ ಬೆಡ್‌ಶೀಟಿಗೆ ಒಂದೂವರೆ ತಾಸು ಬೇಕಾಗುತ್ತಿತ್ತು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಂದು ದಿನ ಡ್ರಮ್ ತಿರುಗುತ್ತಿದೆ, ಬಿಸಿಯೇ ಇಲ್ಲ.

ರಿಪೇರಿಗೆ ಒಬ್ಬ ಹುಡುಗ ಬಂದ. ಹಿಂದಿನ ತಗಡು ಬಿಚ್ಚಿ ನೋಡಿ, “ಫ್ಯೂಸ್ ಹೋಗ್ಯಾದ್ರಿ ಅಕ್ಕಾರ. ಇಲ್ಲಿ ಸಿಗಂಗಿಲ್ಲ ಇದು. ಡೈರೆಕ್ಟ್ ಮಾಡೀನಿ, ಏನೂ ಆಗಂಗಿಲ್ಲ” ಅಂದ. ಹತ್ತು ನಿಮಿಷದ ಕೆಲಸ, 700 ರೂಪಾಯಿ. ಚಾ ಕುಡಿಸಿ ಕಳಿಸಿದೆ. ಎಷ್ಟು ಚುರುಕು ಹುಡುಗ ಅಂತ ಪಕ್ಕದ ಮನೆಯವರಿಗೂ ಅವನ ನಂಬರ್ ಕೊಟ್ಟೆ!

ನಾಲ್ಕನೇ ದಿನ ಅಡುಗೆಮನೆಯಲ್ಲಿದ್ದೆ. ಇಸ್ತ್ರಿ ಪೆಟ್ಟಿಗೆ ಮರೆತಾಗ ಬರುವಂಥ ವಾಸನೆ. ಓಡಿ ಹೋಗಿ ಸ್ವಿಚ್ ತೆಗೆದೆ. ಬಿಳಿ ಬೆಡ್‌ಶೀಟಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು. ಮೆಷಿನ್ನಿನ ಹಿಂದೆ ತೆಳ್ಳಗೆ ಹೊಗೆ. ಅದೇ ಗೋಡೆಯ ಆಚೆ ಅತ್ತೆಯ ಮಂಚ. ಎದ್ದು ಓಡಲಾರದ ಜೀವ.

ಎರಡನೇ ಸಲ ಬಂದವರು ವಯಸ್ಸಾದ ಮೆಕ್ಯಾನಿಕ್. ಫ್ಯೂಸ್ ಇರಬೇಕಾದ ಜಾಗದಲ್ಲಿ ಬರೀ ವೈರಿನ ತುಂಡು ನೋಡಿ, “ಯಾರು ಮಾಡ್ಯಾರ್ರಿ ಇದನ್ನ?” ಅಂತ ಕೇಳಿದರು. ಆಮೇಲೆ ಕೂತು ತಿಳಿಸಿ ಹೇಳಿದರು. ಬಿಸಿ ಒಂದು ಮಟ್ಟಕ್ಕೆ ಬಂದಾಗ ಕಾಯಿಲ್ ಆರಿಸಿ, ತಣ್ಣಗಾದ ಮೇಲೆ ಮತ್ತೆ ಹಚ್ಚುವುದು ಥರ್ಮೋಸ್ಟ್ಯಾಟ್. ಅದು ಕೈಕೊಟ್ಟರೆ ಕೊನೆಯ ಕಾವಲು ಥರ್ಮಲ್ ಫ್ಯೂಸ್. ಅದು ಒಂದೇ ಸಲ ಕೆಲಸ ಮಾಡುವಂಥದ್ದು, ಹೋದರೆ ಹೊಸದೇ ಹಾಕಬೇಕು. ಜೊತೆಗೆ ಯಾಕೆ ಹೋಯಿತು ಅಂತಲೂ ಹುಡುಕಬೇಕು. ಆ ಹುಡುಗ ಕಾವಲನ್ನೇ ತೆಗೆದು ಹಾಕಿದ್ದ.

ನಮ್ಮಲ್ಲಿ ಕಾರಣ ಎರಡು. ಥರ್ಮೋಸ್ಟ್ಯಾಟ್ ಒಳಗೇ ಅಂಟಿಕೊಂಡು, ಬಿಸಿ ಏರಿದರೂ ಕಾಯಿಲ್ ಆರಿಸುತ್ತಿರಲಿಲ್ಲ. ಕರೆಂಟ್ ಹರಿಯಲು ದಾರಿ ಇದೆಯೇ ಅಂತ ನೋಡುವ ಮಲ್ಟಿಮೀಟರ್ ಹಿಡಿದರೆ, ಥರ್ಮೋಸ್ಟ್ಯಾಟ್ ತಣ್ಣಗಿದ್ದಾಗ ಅದು ಕುಂಯ್ ಅನ್ನಬೇಕು, ಕಾಯಿಸಿದಾಗ ಸುಮ್ಮನಾಗಬೇಕು. ನಮ್ಮದನ್ನು ಕಾಯಿಸಿದರೂ ಕುಂಯ್ ಅನ್ನುತ್ತಲೇ ಇತ್ತು. ಇನ್ನೊಂದು ಕಾರಣ, ಹೇಳಿಕೊಳ್ಳಲು ನಾಚಿಕೆ, ನಾನೇ. ಗುಬ್ಬಿ ಗೂಡು ಕಟ್ಟುತ್ತವೆ ಅಂತ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಬಿಗಿದಿದ್ದೆ. ಬಟ್ಟೆಯ ಜುಂಗು, ನಮ್ಮ ಊರಿನ ಧೂಳು ಸೇರಿ ಅದು ಕಂಬಳಿಯಂತಾಗಿತ್ತು. ಮೆಷಿನ್ನನ್ನು ಗೋಡೆಗೆ ಒತ್ತಿ ಇಟ್ಟಿದ್ದರಿಂದ ಪೈಪೂ ಮಡಚಿತ್ತು. ಹಸಿ ಗಾಳಿ ಹೊರಗೆ ಹೋಗದಿದ್ದರೆ ಬಿಸಿಯೂ ಒಳಗೇ, ತೇವವೂ ಒಳಗೇ. ಅದಕ್ಕೇ ಜಾಸ್ತಿ ಕಾದರೂ ಬೇಗ ಒಣಗುತ್ತಿರಲಿಲ್ಲ.

ನಿಮ್ಮ ಮೆಷಿನ್ ಹೀಗಾದರೆ ಮೊದಲು ಅದು ಓಡುವಾಗ ಹೊರಗೆ ಹೋಗಿ ಪೈಪಿನ ಬಾಯಿಗೆ ಕೈ ಹಿಡಿದು ನೋಡಿ. ಗಾಳಿ ಜೋರಾಗಿ ಬರಬೇಕು. ಜುಂಗು ಹಿಡಿಯುವ ಜಾಲರಿ ಕಣ್ಣಿಗೆ ಸ್ವಚ್ಛ ಕಂಡರೂ ಅದರ ಮೇಲೆ ನೀರು ಸುರಿಯಿರಿ. ನೀರು ಇಳಿಯದೆ ನಿಂತರೆ ಬಟ್ಟೆ ಮೆದು ಮಾಡುವ ದ್ರವದ ಜಿಡ್ಡು ಕೂತಿದೆ ಅಂತಲೇ, ಸೋಪು ಹಾಕಿ ಬ್ರಷ್‌ನಿಂದ ಉಜ್ಜಿ. ಇಷ್ಟು ನಾವೇ ಮಾಡಬಹುದು. ಒಳಗಿನ ಪಾರ್ಟು ಮಾತ್ರ ಗೊತ್ತಿದ್ದವರಿಗೇ ಬಿಡಿ. ಹಳೆಯ ಪಾರ್ಟು, ಹೊಸ ಪಾರ್ಟು ಎರಡನ್ನೂ ಕಣ್ಣೆದುರು ತೋರಿಸಿ ಅನ್ನಿ. ಪಾರ್ಟು ಇಲ್ಲ ಅಂದರೆ ಬರುವ ತನಕ ಪ್ಲಗ್ ತೆಗೆದಿಡಿ. ನಮ್ಮದು ಹೈದರಾಬಾದ್‌ನಿಂದ ಬರಲು ಆರು ದಿನ ಆಯಿತು. ಆರು ದಿನ ಮನೆ ತುಂಬ ಹಗ್ಗ.

ಹೋಗುವಾಗ ಆ ಹಿರಿಯರು ಇನ್ನೊಂದು ಮಾತು ಹೇಳಿದರು. ಎಣ್ಣೆ ಹೀರಿದ ಬಟ್ಟೆ ಒಗೆದ ಮೇಲೂ ಒಂದಿಷ್ಟು ಎಣ್ಣೆ ಉಳಿಸಿಕೊಂಡಿರುತ್ತದೆ. ಡ್ರೈಯರಿನಲ್ಲಿ ಕಾಯಿಸಿ ಹಾಗೇ ಗುಡ್ಡೆ ಹಾಕಿದರೆ ತಾನಾಗಿಯೇ ಬಿಸಿ ಏರಿ ಹೊತ್ತಿಕೊಳ್ಳಬಹುದು. ನಮ್ಮ ಮನೆಯಲ್ಲಿ ಕುಸುಬಿ ಎಣ್ಣೆ ಒರೆಸಿದ ಅಡುಗೆ ಬಟ್ಟೆ, ಅತ್ತೆಗೆ ಎಣ್ಣೆ ತಿಕ್ಕಿದ ಟವೆಲ್ಲು ಎಲ್ಲ ಅದರಲ್ಲೇ ಬೀಳುತ್ತಿದ್ದವು. ಈಗ ಅವು ಮಾಳಿಗೆಯ ತಂತಿ ಮೇಲೆ, ಮಳೆ ಬಂದರೆ ಫ್ಯಾನಿನ ಕೆಳಗೆ.