ಎಲ್ಲ ಇಮೇಲ್ ಒಂದೇ ಕಡೆ ಎಂಬ ಮಾತು ನಂಬಿ 11 ವರ್ಷಗಳ ಪತ್ರ ಕಳೆದುಕೊಂಡೆ, ನೀವು ಎಚ್ಚರದಿಂದಿರಿ

ಹಲವು ಇಮೇಲ್ ಖಾತೆಗಳನ್ನು ಒಂದೇ ಇನ್‌ಬಾಕ್ಸಿನಲ್ಲಿ ತೋರಿಸುವ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿ, 11 ವರ್ಷಗಳಿಂದ ಉಳಿಸಿಕೊಂಡು ಬಂದಿದ್ದ ಪತ್ರಗಳನ್ನು ನಾನು ಕಳೆದುಕೊಂಡಿದ್ದೇನೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ಪರಿಚಿತರಲ್ಲಿ ಯಾರಿಗೆ ಇಮೇಲ್ ಕೈಕೊಟ್ಟರೂ ಮೊದಲು ಕೇಳುವುದು ನನ್ನನ್ನೇ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನನ್ನು ಮರುಳು ಮಾಡಿದ ಆ ಒಂದು ಗುಂಡಿ ಈಗಲೂ ಹೊಸಬರ ಮುಂದೆ ಅದೇ ಜಾಗದಲ್ಲಿ ಹೊಳೆಯುತ್ತಿದೆ.

ನನ್ನ ಖಾತೆಗಳು ನಾಲ್ಕು. ಒಂದು ಸ್ವಂತದ್ದು, ಒಂದು ಕೆಲಸದ್ದು, ಒಂದು ಬಿಲ್ಲು ರಸೀದಿಗಳಿಗೆಂದೇ ಇಟ್ಟುಕೊಂಡದ್ದು, ಇನ್ನೊಂದು ಸರ್ವರ್ ಜಾಗವನ್ನು ಬಾಡಿಗೆಗೆ ಕೊಡುವ ಹೋಸ್ಟಿಂಗ್ ಸಂಸ್ಥೆಯೊಂದರ ಸರ್ವರ್‌ನಲ್ಲಿರುವ ಹಳೆಯ ಖಾತೆ. ಮೊದಲ ಮೂರನ್ನು ಸೇರಿಸುವಾಗ ಆಯಾ ಸೇವೆಯ ಲಾಗಿನ್ ಪುಟವೇ ತೆರೆದು ಅನುಮತಿ ಕೇಳಿತು. ಹಳೆಯ ಖಾತೆಗೆ ಮಾತ್ರ ಪಾಸ್‌ವರ್ಡನ್ನು ಆ್ಯಪ್‌ನೊಳಗೇ ಬರೆಯಬೇಕಾಯಿತು. ಬರೆದೆ. ಕೆಳಗೆ 'ತಾನಾಗಿ ಹೊಂದಿಸು' ಎಂಬ ದೊಡ್ಡ ನೀಲಿ ಗುಂಡಿ ಇತ್ತು, ಅದರ ಕೆಳಗೆ ಮಾಸಲು ಬೂದು ಬಣ್ಣದಲ್ಲಿ 'ಇತರ ಆಯ್ಕೆಗಳು' ಎಂದಿತ್ತು. ನಾನು ನೀಲಿ ಗುಂಡಿಯನ್ನೇ ಒತ್ತಿದೆ. ನೀವಾಗಿದ್ದರೂ ಅದನ್ನೇ ಒತ್ತುತ್ತಿದ್ದಿರಿ.

ಮೊದಲ ವಾರದಲ್ಲೇ ಒಂದು ಸೂಚನೆ ಸಿಕ್ಕಿತ್ತು. ಕೆಲಸದ ಪತ್ರವೊಂದಕ್ಕೆ ನಾನು ಕೊಟ್ಟ ಉತ್ತರ ರಸೀದಿಗಳ ಖಾತೆಯ ವಿಳಾಸದಿಂದ ಹೋಗಿತ್ತು. ಪತ್ರ ಬಂದ ಖಾತೆಯಿಂದಲೇ ಉತ್ತರ ಹೋಗಬೇಕೆಂಬ ಕನಿಷ್ಠ ವಿವೇಕವೂ ಆ ಆ್ಯಪ್‌ಗೆ ಇರಲಿಲ್ಲ. ಆಗಲೇ ಬಿಡಬೇಕಿತ್ತು. ಕಳುಹಿಸುವ ವಿಳಾಸವನ್ನು ಸರಿಪಡಿಸಿಕೊಂಡು ಸುಮ್ಮನಾದೆ. ನಾಲ್ಕು ಕಡೆಯ ಪತ್ರಗಳು ಒಂದರ ಕೆಳಗೊಂದು ಸಾಲಾಗಿ ಬರುವುದನ್ನು ನೋಡುವ ಸುಖ ಅಂಥದ್ದು.

ವರ್ಷ ಮುಗಿಯುತ್ತ ಬಂದಾಗ ಚಂದಾ ಏರಿಸಿದ್ದೇವೆ ಎಂಬ ಪತ್ರ ಬಂತು. ಬೇಡವೆನಿಸಿ, ಖಾತೆಗಳನ್ನು ಒಂದೊಂದಾಗಿ ಆ್ಯಪ್‌ನಿಂದ ತೆಗೆದೆ. ಪ್ರತಿ ಸಲವೂ 'ಈ ಖಾತೆಯನ್ನು ತೆಗೆಯಬೇಕೆ?' ಎಂಬ ಪ್ರಶ್ನೆ, ಹೌದು ಎಂಬ ಉತ್ತರ. ತೆಗೆದರೆ ಹೋಗುವುದು ಆ್ಯಪ್‌ನಲ್ಲಿ ಕಾಣುವ ನೋಟ ಮಾತ್ರ, ಪತ್ರಗಳು ತಮ್ಮ ತಮ್ಮ ಸರ್ವರ್‌ಗಳಲ್ಲಿ ಭದ್ರವಾಗಿಯೇ ಇರುತ್ತವೆ ಎಂಬುದು ನನ್ನ ತಿಳಿವಳಿಕೆ. ಮೂರು ಖಾತೆಗಳ ವಿಷಯದಲ್ಲಿ ಅದು ನಿಜವೇ ಆಗಿತ್ತು. ಹಳೆಯ ಖಾತೆಯನ್ನು ಬ್ರೌಸರ್‌ನಲ್ಲಿ ತೆರೆದಾಗ ಇನ್‌ಬಾಕ್ಸಿನ ಜಾಗದಲ್ಲಿ 'ಯಾವ ಸಂದೇಶವೂ ಇಲ್ಲ' ಎಂಬ ಒಂದೇ ಸಾಲು ಇತ್ತು. ಪುಟವನ್ನು ಎಷ್ಟು ಸಲ ಮತ್ತೆ ತೆರೆದೆನೋ ಲೆಕ್ಕವಿಲ್ಲ. ಬೇರೆ ಬ್ರೌಸರ್, ಬೇರೆ ಫೋನ್, ಎಲ್ಲದರಲ್ಲೂ ಅದೇ ಸಾಲು.

ಆಗಿದ್ದು ಇಷ್ಟು. ಸರ್ವರ್‌ನಿಂದ ಪತ್ರ ತರಲು ಎರಡು ಪದ್ಧತಿಗಳಿವೆ. ಐಮ್ಯಾಪ್‌ನಲ್ಲಿ ಮೂಲ ಪತ್ರ ಸರ್ವರ್‌ನಲ್ಲೇ ಇರುತ್ತದೆ, ಆ್ಯಪ್ ನಮಗೆ ತೋರಿಸುವುದು ಅದರ ಪ್ರತಿಯನ್ನು. ಪಾಪ್3 ಹಾಗಲ್ಲ, ಅದು ಪತ್ರಗಳನ್ನು ಇಳಿಸಿಕೊಳ್ಳುವುದಕ್ಕೆಂದು ಹುಟ್ಟಿದ್ದು, 'ಸರ್ವರ್‌ನಲ್ಲಿ ಒಂದು ಪ್ರತಿ ಬಿಡು' ಎಂದು ಗುರುತು ಹಾಕದಿದ್ದರೆ ಇಳಿಸಿದ ಮೇಲೆ ಅಲ್ಲಿಂದ ಅಳಿಸಿಬಿಡುವುದೇ ಅದನ್ನು ಬಳಸುವ ಆ್ಯಪ್‌ಗಳ ಹಳೆಯ ರೂಢಿ. ನೀಲಿ ಗುಂಡಿ ನನ್ನ ಹಳೆಯ ಖಾತೆಗೆ ಪಾಪ್3 ಆರಿಸಿತ್ತು. ಆ ಸರ್ವರ್‌ನಲ್ಲಿ ಐಮ್ಯಾಪ್ ಇದ್ದರೂ ಆರಿಸಿತ್ತು. ಪ್ರತಿ ಬಿಡುವ ಆಯ್ಕೆ ಆ ಬೂದು ಅಕ್ಷರಗಳ ಹಿಂದೆ, ಗುರುತಿಲ್ಲದೆ ಖಾಲಿಯಾಗಿ ಕುಳಿತಿತ್ತು. ಅಂದರೆ ಒಂದು ವರ್ಷ ನಾನು ನೋಡುತ್ತಿದ್ದುದು ಒಟ್ಟುಗೂಡಿಸಿದ ಇನ್‌ಬಾಕ್ಸನ್ನಲ್ಲ, ಸಾಗಿಸಿಕೊಂಡು ಹೋದ ನನ್ನ ಸರಕನ್ನು. ಖಾತೆ ತೆಗೆದಾಗ ಉಳಿದಿದ್ದ ಆ ಒಂದೇ ಪ್ರತಿಯೂ ಹೋಯಿತು.

ಆ್ಯಪ್‌ನವರಿಗೆ ದೂರು ಬರೆದೆ. ಇನ್ನು ಅವರ ಉತ್ತರಗಳನ್ನು ಕೇಳಿ. ಮೊದಲನೆಯದು: 'ದಯವಿಟ್ಟು ಆ್ಯಪ್ ಅನ್ನು ತೆಗೆದು ಮತ್ತೆ ಹಾಕಿಕೊಳ್ಳಿ.' ಎರಡನೆಯದು: 'ನಾವು ಪತ್ರಗಳನ್ನು ಇಟ್ಟುಕೊಳ್ಳುವುದಿಲ್ಲ, ಅವು ನಿಮ್ಮ ಇಮೇಲ್ ಸೇವೆಯವರ ಬಳಿ ಇರುತ್ತವೆ, ಅವರನ್ನು ಕೇಳಿ.' ಕೇಳಿದೆ. ಹೋಸ್ಟಿಂಗ್‌ನವರು ಸರ್ವರ್ ದಾಖಲೆಯ ಒಂದು ಸಾಲನ್ನು ಕಳುಹಿಸಿದರು. ಖಾತೆ ಸೇರಿಸಿದ ರಾತ್ರಿ, ನನ್ನದೇ ಪಾಸ್‌ವರ್ಡ್, ಪಾಪ್3 ಸಂಪರ್ಕಕ್ಕೆ ಬಳಸುವ ದ್ವಾರವಾದ 995ನೇ ಪೋರ್ಟ್, ಕೊನೆಯಲ್ಲಿ 'ಡೆಲ್=4218/4218'. ಡೆಲ್ ಎಂದರೆ ಅಳಿಸಿದ್ದು: ನಾಲ್ಕು ಸಾವಿರದ ಇನ್ನೂರ ಹದಿನೆಂಟರಲ್ಲಿ ನಾಲ್ಕು ಸಾವಿರದ ಇನ್ನೂರ ಹದಿನೆಂಟೂ. ಪಾಪ್3ಯಲ್ಲಿ ಅಳಿಸು ಎಂದ ತಕ್ಷಣ ಪತ್ರ ಅಳಿಯುವುದಿಲ್ಲ, ಗುರುತು ಮಾತ್ರ ಬೀಳುತ್ತದೆ. ಆ್ಯಪ್ ಕೆಲಸ ಮುಗಿಸಿ 'ಕ್ವಿಟ್' ಎಂದು ಹೊರಟಾಗಲೇ ನಿಜವಾಗಿ ಅಳಿಯುವುದು. ನಡುವೆ ಇಂಟರ್ನೆಟ್ ಕಡಿದಿದ್ದರೂ ಸಾಕಿತ್ತು, ಆ ರಾತ್ರಿಯ ಮಟ್ಟಿಗಾದರೂ ಎಲ್ಲವೂ ಉಳಿಯುತ್ತಿತ್ತು. ಅವರ ಬ್ಯಾಕಪ್ 30 ದಿನಗಳದ್ದು, ನಾನು ಕೇಳಿದ್ದು ವರ್ಷದ ಮೇಲೆ.

ಆ ಸಾಲನ್ನು ಆ್ಯಪ್‌ನವರಿಗೆ ಕಳುಹಿಸಿದಾಗ ಮೂರನೆಯ ಉತ್ತರ ಬಂತು: 'ಇದು ಬಳಕೆದಾರರು ಆರಿಸಿದ ಆಯ್ಕೆಯ ನಿರೀಕ್ಷಿತ ಪರಿಣಾಮ.' ನಾನು ಯಾವ ಆಯ್ಕೆಯನ್ನು ಆರಿಸಿದೆ ಎಂದು ಕೇಳಿದೆ. 'ತಾನಾಗಿ ಹೊಂದಿಸು' ಎಂಬುದೂ ಒಂದು ಆಯ್ಕೆಯೇ, ಎಂದರು. ಇದನ್ನು ಓದಿದ ಕ್ಷಣವನ್ನು ನಾನು ಮರೆಯಲಾರೆ. ಪತ್ರ ಹೋದ ದುಃಖಕ್ಕಿಂತ, ಇಷ್ಟು ಸಲೀಸಾಗಿ ತಪ್ಪನ್ನು ನನ್ನ ತಲೆಗೆ ಕಟ್ಟಿದರಲ್ಲ ಎಂಬ ಉರಿ ದೊಡ್ಡದಾಗಿತ್ತು. ನಾಲ್ಕನೆಯ ಉತ್ತರದಲ್ಲಿ ಮುಂದಿನ ವರ್ಷದ ಚಂದಾದಲ್ಲಿ ರಿಯಾಯಿತಿ ಕೊಡುತ್ತೇವೆ ಎಂದಿತ್ತು. ಐದನೆಯದು ಉತ್ತರವೂ ಅಲ್ಲ, 'ನಿಮ್ಮ ಸಮಸ್ಯೆ ಪರಿಹಾರವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?' ಎಂಬ ವಿನಂತಿ. ನಾನು ಹೇಳದೆಯೇ ದೂರನ್ನು ಮುಚ್ಚಿದ್ದರು.

ಉಳಿದದ್ದು ಕಳುಹಿಸಿದ ಪತ್ರಗಳ ಫೋಲ್ಡರ್. ಪಾಪ್3ಗೆ ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ಕಾಣುವುದಿಲ್ಲವಾದ್ದರಿಂದ ಅದನ್ನು ಮುಟ್ಟಲು ಅವರಿಗೆ ಆಗಿರಲಿಲ್ಲ. ನಾನು ಬರೆದ ಉತ್ತರಗಳ ಕೆಳಗೆ ಎದುರಿನವರ ಮಾತು ಸಾಲಿನ ಆರಂಭದ '>' ಗುರುತುಗಳ ಹಿಂದೆ ಉಲ್ಲೇಖವಾಗಿ ಉಳಿದಿದೆ, ಅದನ್ನೇ ಒಂದೊಂದಾಗಿ ನಕಲು ಮಾಡಿಕೊಳ್ಳುತ್ತಿದ್ದೇನೆ. ಉತ್ತರ ಬರೆಯಲು ನಾನು ಸೋಮಾರಿತನ ಮಾಡಿದ್ದ ಪತ್ರಗಳು ಹೀಗೂ ಸಿಗುವುದಿಲ್ಲ, ಲಗತ್ತಿಸಿದ ಫೋಟೊಗಳಂತೂ ಒಂದೂ ಇಲ್ಲ.

ಆದ್ದರಿಂದ, ಖಾತೆ ಸೇರಿಸಿದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ಅದು ಐಮ್ಯಾಪೋ ಪಾಪ್3ಯೋ ನೋಡಿ. ಪೋರ್ಟ್ 993 ಇದ್ದರೆ ಸಾಮಾನ್ಯವಾಗಿ ಐಮ್ಯಾಪ್, 995 ಇದ್ದರೆ ಪಾಪ್3. ಮರುದಿನ ಬ್ರೌಸರ್‌ನಲ್ಲಿ ಮೂಲ ಖಾತೆ ತೆರೆದು ಪತ್ರಗಳು ಅಲ್ಲೇ ಇವೆಯೇ ಎಂದು ಕಣ್ಣಾರೆ ನೋಡಿ. ಆ್ಯಪ್ ತೆಗೆದ ಮಾತ್ರಕ್ಕೆ ಸಂಬಂಧ ಕಡಿಯಿತೆಂದು ತಿಳಿಯಬೇಡಿ. ನನ್ನ ಹಳೆಯ ಖಾತೆಗೆ ಅವರ ಸರ್ವರ್‌ನಿಂದ ಮತ್ತೂ ಒಂಬತ್ತು ದಿನ ಲಾಗಿನ್ ಆಗುತ್ತಲೇ ಇತ್ತು, ಪಾಸ್‌ವರ್ಡ್ ಬದಲಿಸಿದ ಮೇಲೆ ನಿಂತಿತು. ಅನುಮತಿ ಕೊಟ್ಟು ಸೇರಿಸಿದ ಖಾತೆಗಳಲ್ಲಾದರೆ ಆಯಾ ಖಾತೆಯ ಭದ್ರತಾ ಪುಟಕ್ಕೆ ಹೋಗಿ ಆ ಅನುಮತಿಯನ್ನು ಹಿಂತೆಗೆದುಕೊಳ್ಳಬೇಕು.

ಈಗ ನಾಲ್ಕೂ ಖಾತೆಗಳನ್ನು ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶಕ್ಕೆ ಐಮ್ಯಾಪ್ ಮೂಲಕ ಸೇರಿಸಿಕೊಂಡಿದ್ದೇನೆ. ಎಲ್ಲ ಇನ್‌ಬಾಕ್ಸ್‌ಗಳನ್ನು ಒಟ್ಟಿಗೆ ತೋರಿಸುವ ಸೌಲಭ್ಯ ಅದರಲ್ಲಿ ಉಚಿತವಾಗಿಯೇ ಇತ್ತು, ನಾನು ಹುಡುಕಿರಲಿಲ್ಲ. ಚಂದಾ ಹಣ ಹಿಂದಿರುಗಿಸಿ ಎಂದು ಮೂರು ಸಲ ಬರೆದಿದ್ದೇನೆ. ಉತ್ತರವಿಲ್ಲ. ಖಾಲಿಯಾದ ಆ ಹಳೆಯ ಇನ್‌ಬಾಕ್ಸಿಗೆ ಅವರ ರಿಯಾಯಿತಿಯ ಜಾಹೀರಾತು ಮಾತ್ರ ವಾರಕ್ಕೊಮ್ಮೆ ಬರುತ್ತಿದೆ.