ಅಡುಗೆಮನೆ ಮ್ಯೂಸಿಕ್ ಸೆಟ್ಟನ್ನು ಮನೆ ಪೂರ್ತಿ ಸ್ಪೀಕರ್‌ಗೆ ಸೇರಿಸಿ ಕೊಡ್ತೀವಿ ಅಂದರೆ ಸುಮ್ನೆ ನಂಬಬೇಡಿ

ಮನೆ ಕಟ್ಟಿಸುತ್ತಿದ್ದೀರಾ? ಫಾಲ್ಸ್ ಸೀಲಿಂಗ್ ಕೆಲಸ ನಡೆಯುತ್ತಿದೆಯಾ? ಹಾಗಾದರೆ ಇದನ್ನು ಈಗಲೇ ಓದಿ. ಸೀಲಿಂಗ್ ಮುಚ್ಚಿದ ಮೇಲೆ ಓದಿದರೆ ಏನೂ ಪ್ರಯೋಜನವಿಲ್ಲ. ಮೈಸೂರಿನ ನಮ್ಮ ಹೊಸ ಮನೆಯಲ್ಲಿ ದುಡ್ಡೂ ಹೋಯಿತು, ಅಮ್ಮನ ಸೆಟ್ಟೂ ಹೋಯಿತು. ಕೆಲಸ ಮಾಡಿದವನು ಈಗ ಫೋನ್ ಎತ್ತುತ್ತಿಲ್ಲ.

ನಾವು ಕೇಳಿದ್ದು ಇಷ್ಟೇ. ಅಮ್ಮನ ಹತ್ತಿರ ಒಂದು ಮ್ಯೂಸಿಕ್ ಸೆಟ್ ಇತ್ತು. ಎಫ್‌ಎಂ, ಸಿಡಿ, ಪೆನ್‌ಡ್ರೈವ್ ಎಲ್ಲ ಹಾಕಬಹುದು, ಪಕ್ಕದಲ್ಲಿ ಎರಡು ಸ್ಪೀಕರ್. ಬೆಳಗ್ಗೆ ಎದ್ದ ಕೂಡಲೇ ಆಕಾಶವಾಣಿ 100.6, ತಿಂಡಿ ಹೊತ್ತಿಗೆ ಪೆನ್‌ಡ್ರೈವ್‌ನಲ್ಲಿ ದಾಸರ ಪದ. ಅಡುಗೆಮನೆಯಲ್ಲಿ ಹಾಡುವುದು ಹಾಲ್, ದೇವರಮನೆ, ಅಮ್ಮನ ರೂಮ್, ವರಾಂಡ ಎಲ್ಲ ಕಡೆಯೂ ಕೇಳಬೇಕು. ಅಡುಗೆಮನೆಯಲ್ಲೂ ಕೇಳಬೇಕು. ಇದನ್ನು ಬಿಡಿಸಿ ಬಿಡಿಸಿ ಹೇಳಿದ್ದೆ. ಕೆಲಸದವನನ್ನು ಕರೆದು ಸೆಟ್ಟನ್ನೂ ತೋರಿಸಿದ್ದೆ. ಆಸಾಮಿ ಅದರ ಹಿಂಭಾಗ ತಿರುಗಿಸಿ ಕೂಡ ನೋಡಲಿಲ್ಲ. "ಅದೇನ್ ದೊಡ್ಡ ವಿಷ್ಯ ಬಿಡಿ ಮೇಡಂ, ಒಂದು ಪಿನ್ ಚುಚ್ಚಿದ್ರೆ ಮುಗೀತು" ಅಂದ.

ಸೀಲಿಂಗ್‌ನಲ್ಲಿ 6 ಸ್ಪೀಕರ್, ಒಂದು ಆಂಪ್ಲಿಫಯರ್, ವೈರಿಂಗ್, ಕೂಲಿ ಸೇರಿ 62,000 ರೂಪಾಯಿ. ಮುಕ್ಕಾಲು ಪಾಲು ಮೊದಲೇ ಇಸಿದುಕೊಂಡ. ಕೊಟ್ಟಿದ್ದು ಕೈಬರಹದ ಒಂದು ಚೀಟಿ. ಅದರಲ್ಲಿ ಜಿಎಸ್‌ಟಿ ನಂಬರ್ ಇಲ್ಲ. ಆಂಪ್ಲಿಫಯರ್ ಯಾವ ಮಾಡೆಲ್ ಅಂತ ಇಲ್ಲ. "ಬಿಲ್ ಆಮೇಲೆ ಕಳಿಸ್ತೀನಿ" ಅಂದ. ಇವತ್ತಿನವರೆಗೂ ಬಂದಿಲ್ಲ.

ಗೃಹಪ್ರವೇಶದ ದಿನ ಊಟ ಮುಗಿದಿತ್ತು. ನೆಂಟರೆಲ್ಲ ಹಾಲ್‌ನಲ್ಲಿ ಕೂತಿದ್ದರು. ಅವನೇ ಬಂದು ಪಿನ್ ಚುಚ್ಚಿದ, ಅಮ್ಮನ ಕೈಯಲ್ಲೇ ಬಟನ್ ಒತ್ತಿಸಿದ. ಹಾಲ್‌ನಲ್ಲಿ ಹಾಡು ಬಂತು, ವರಾಂಡದಲ್ಲೂ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಅಡುಗೆಮನೆಯಿಂದ ಅಮ್ಮ ಕೂಗಿದರು: "ಇಲ್ಲಿ ಕೇಳಿಸ್ತಾನೇ ಇಲ್ವಲ್ಲೇ!"

ಹೋಗಿ ನೋಡಿದರೆ ಸೆಟ್ ಮೂಕ. ಪಿನ್ ಹಾಕಿದ್ದು ಹೆಡ್‌ಫೋನ್ ತೂತಿಗೆ. ಅಲ್ಲಿ ಪಿನ್ ಹಾಕಿದರೆ ಸೆಟ್ಟಿನ ಸ್ವಂತ ಸ್ಪೀಕರ್ ಬಂದ್ ಆಗುತ್ತೆ. ಮನೆಯ ಚಿಕ್ಕ ಹುಡುಗನಿಗೂ ಗೊತ್ತಿರುವ ವಿಷಯ ಅಲ್ವಾ ಇದು? ಹೆಡ್‌ಫೋನ್ ಹಾಕಿದಾಗ ಹೊರಗೆ ಕೇಳಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಇಷ್ಟು ಗೊತ್ತಿಲ್ಲದವನು 62,000 ರೂಪಾಯಿ ಕೆಲಸ ಹಿಡಿದಿದ್ದ.

ಎಲ್ಲರ ಮುಂದೆ ಅವನು ಕೊಟ್ಟ ಉತ್ತರ ಕೇಳಿ: "ಅದು ಹಂಗೇ ಬರೋದು ಮೇಡಂ. ಎಲ್ಲರ ಮನೇಲೂ ಹಂಗೇ." ದೊಡ್ಡಪ್ಪ ನನ್ನ ಮುಖ ನೋಡಿದರು. ಅಷ್ಟು ಜನರ ಎದುರು ತಲೆ ಎತ್ತಲು ಆಗಲಿಲ್ಲ. ನಾನು ಜೋರು ಮಾಡಿದಾಗ ಇನ್ನೊಂದು ಮಾತು ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. "ಮನೇಲಿ ಸರ್ ಇದ್ರೆ ಕರೀರಿ ಮೇಡಂ, ಅವರಿಗೆ ಹೇಳಿದ್ರೆ ಅರ್ಥ ಆಗುತ್ತೆ." ಕೆಲಸ ಒಪ್ಪಿಸಿದ್ದು ನಾನು. ದುಡ್ಡು ಕೊಟ್ಟಿದ್ದು ನಾನು. ಅರ್ಥ ಆಗಬೇಕಿದ್ದದ್ದು ಅವನಿಗೆ.

ಅಷ್ಟರ ಮೇಲೆ ಹಾಡು ಇಲ್ಲದಿದ್ದಾಗಲೂ ಸ್ಪೀಕರ್‌ಗಳಲ್ಲಿ ಗುಂಯ್ ಅಂತ ಸದ್ದು. ಫ್ರಿಜ್ ಆನ್ ಆದರೆ ಹಾಲ್‌ನಲ್ಲಿ ಟಪ್ ಅಂತ ಬಡಿಯುತ್ತಿತ್ತು. ಅಮ್ಮನ ರೂಮಿನಲ್ಲಿ ಹಾಡಿನ ಅರ್ಧ ಮಾತ್ರ ಬರುತ್ತಿತ್ತು. ತಬಲ ಕೇಳುತ್ತೆ, ಕೊಳಲು ಇಲ್ಲ. ಇದಕ್ಕೆ ಅವನ ಉತ್ತರ, "ನಿಮ್ಮ ಪೆನ್‌ಡ್ರೈವ್ ಹಾಡೇ ಸರಿಯಿಲ್ಲ ಮೇಡಂ."

ಮೆಸೇಜ್ ಮೇಲೆ ಮೆಸೇಜ್ ಹಾಕಿದೆ. ನಾಳೆ ಬರ್ತೀವಿ ಅಂದ. ಹುಡುಗರು ಊರಿಗೆ ಹೋಗವ್ರೆ ಅಂದ. ಕೊನೆಗೂ ಇಬ್ಬರು ಹುಡುಗರು ಬಂದರು. ಸೆಟ್ಟಿನ ಸ್ಪೀಕರ್ ವೈರನ್ನು ಮಧ್ಯದಲ್ಲೇ ಕುಯ್ದು, ಅದಕ್ಕೆ ಇನ್ನೊಂದು ವೈರ್ ತಿರುಚಿ, ಟೇಪ್ ಸುತ್ತಿ, ನೇರವಾಗಿ ಆಂಪ್ಲಿಫಯರ್‌ನ ಇನ್‌ಪುಟ್‌ಗೆ ಕೊಟ್ಟರು. "ಈಗ ಎಲ್ಲಾ ಕಡೆ ಬರುತ್ತೆ ಆಂಟಿ" ಅಂದು ಬೈಕ್ ಹತ್ತಿದರು. ಬಂತು, ನಿಜ. ದನಿ ಒಡೆದು ಒಡೆದು ಬಂತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಸುಟ್ಟ ವಾಸನೆ. ಒಲೆ ಮೇಲೆ ಏನೂ ಇರಲಿಲ್ಲ. ಸೆಟ್ಟಿನ ಹಿಂದಿನಿಂದ ಬರುತ್ತಿತ್ತು.

ಫೋನ್ ಮಾಡಿದೆ. "ನಿಮ್ ಸೆಟ್ ಹಳೇದು ಮೇಡಂ, ಹೋಗೋ ಟೈಮಿತ್ತು, ಹೋಯ್ತು." ಇದು ಅವನ ಉತ್ತರ! ಆಮೇಲೆ, "ಬ್ಲೂಟೂತ್ ಹಾಕಿಸ್ಕೊಳಿ, 18,000 ಆಗುತ್ತೆ" ಅಂತ ಒಂದು ಮೆಸೇಜ್. ಸುಟ್ಟು ಹಾಕಿದವನೇ ಹೊಸದಕ್ಕೆ ರೇಟ್ ಹೇಳುತ್ತಾನೆ. ನಾನು ಬಿಲ್ ಕೇಳಿದೆ, ಅವತ್ತೇ ಬ್ಲಾಕ್ ಮಾಡಿದ.

ಸೆಟ್ಟನ್ನು ನಮ್ಮ ಬಡಾವಣೆಯ ಹಳೇ ರೇಡಿಯೋ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ಮುಚ್ಚಳ ಬಿಚ್ಚಿ ಐಸಿ, ಅಂದರೆ ಸ್ಪೀಕರ್‌ಗೆ ದನಿ ಕಳಿಸುವ ಚಿಪ್, ತೋರಿಸಿದರು. ಕಪ್ಪು ಚಿಪ್ಪಿನ ಒಂದು ಮೂಲೆಯಲ್ಲಿ ಸೂಜಿ ಚುಚ್ಚಿದಂಥ ತೂತು, ಸುತ್ತ ಕಂದು ಕಲೆ. ಅಂಥದೇ ಐಸಿ ಇರುವ ಇನ್ನೊಂದು ಸೆಟ್ ಆನ್ ಮಾಡಿ, ಸ್ಪೀಕರ್‌ನ ಮೈನಸ್ ವೈರ್ ಮತ್ತು ಸೆಟ್ಟಿನ ಗ್ರೌಂಡ್ (ಸೊನ್ನೆ ವೋಲ್ಟಿನ ಲೈನ್) ನಡುವೆ ಮೀಟರ್ ಹಿಡಿದರು. ಹಾಡೇ ಇಲ್ಲ, ಆದರೂ ಮೀಟರ್ 6 ವೋಲ್ಟ್ ತೋರಿಸಿತು. "ನೋಡಮ್ಮ, ಇಂಥ ಸೆಟ್ಟಲ್ಲಿ ಮೈನಸ್ ಅನ್ನೋದು ಗ್ರೌಂಡ್ ಅಲ್ಲ. ಎರಡು ಕಡೆ ಮೈನಸ್ಸನ್ನೂ ತಗೊಂಡು ಆಂಪ್ಲಿಫಯರ್‌ನ ಒಂದೇ ಗ್ರೌಂಡಿಗೆ ಸೇರಿಸಿದಾರೆ. ಐಸಿ ಹೋಗದೆ ಇನ್ನೇನಾಗುತ್ತೆ?" ಆಂಪ್ಲಿಫಯರ್‌ನ ಲೈನ್ ಇನ್‌ಪುಟ್‌ಗೆ ಒಂದೆರಡು ವೋಲ್ಟ್ ಒಳಗಿನ ಸಿಗ್ನಲ್ ಸಾಕಂತೆ. ಸ್ಪೀಕರ್ ವೈರಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತೆ. ದನಿ ಒಡೆದಿದ್ದು ಅದಕ್ಕೆ. ಅಂದರೆ ಸೆಟ್ ಹಳೇದಾಗಿ ಹೋಗಿದ್ದಲ್ಲ. ಅವರೇ ಸುಟ್ಟಿದ್ದು.

ಅವರನ್ನೇ ಮನೆಗೂ ಕರೆತಂದೆ. ಒಂದೊಂದೇ ಹೊರಬಂತು. ಆಂಪ್ಲಿಫಯರ್ ಹಿಂದೆ 4ರಿಂದ 8 ಓಮ್ ಅಂತ ಅಚ್ಚು ಹಾಕಿದೆ, ಅಂದರೆ ಸೇರಿಸುವ ಸ್ಪೀಕರ್‌ಗಳ ತಡೆ (ರೆಸಿಸ್ಟೆನ್ಸ್) ಅಷ್ಟಿರಬೇಕು. ಇವನು ಎಡ, ಬಲ ಒಂದೊಂದು ಚಾನೆಲ್‌ಗೆ 8 ಓಮ್‌ನ 3 ಸ್ಪೀಕರ್ ಪ್ಯಾರಲಲ್ ಕೊಟ್ಟಿದ್ದಾನೆ. ಹಾಗೆ ಕೊಟ್ಟರೆ ತಡೆ ಮೂರರಲ್ಲಿ ಒಂದು ಪಾಲಾಗುತ್ತೆ, ಅಲ್ಲಿಗೆ 3 ಓಮ್‌ಗೂ ಕಡಿಮೆ. ಸ್ವಲ್ಪ ಜೋರಾಗಿ ಇಟ್ಟರೆ ಆಂಪ್ಲಿಫಯರ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದದ್ದು ಅದಕ್ಕೇ. ಅಮ್ಮನ ರೂಮಿನ ಒಂದೇ ಸ್ಪೀಕರ್‌ಗೆ ಎಡ ಚಾನೆಲ್ ಮಾತ್ರ ಕೊಟ್ಟಿದ್ದಾನೆ. ಕೊಳಲು ಬಲಗಡೆಯಲ್ಲಿ ಉಳಿದುಹೋಗಿದೆ. ಒಂದೇ ಸ್ಪೀಕರ್ ಇರುವ ರೂಮಿಗೆ ಎರಡೂ ಚಾನೆಲ್ ಸೇರಿಸಿ ಮೋನೋ ಕೊಡಬೇಕಿತ್ತು. ಸಿಗ್ನಲ್ ವೈರನ್ನು 230 ವೋಲ್ಟ್ ಕರೆಂಟ್ ವೈರ್ ಇರುವ ಪೈಪಿನಲ್ಲೇ ತೂರಿಸಿದ್ದಾನೆ. ಗುಂಯ್ ಅನ್ನದೆ ಏನು ಮಾಡುತ್ತೆ?

ಕಾಪರ್ ಅಂತ ದುಡ್ಡು ತೆಗೆದುಕೊಂಡ ವೈರಿನ ಕಥೆಯೂ ಅಷ್ಟೇ. ರಿಪೇರಿಯವರು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯುಮಿನಿಯಂ. ಅದು ಈಗ ಸೀಲಿಂಗ್ ಒಳಗೆ ಸೇರಿಕೊಂಡಿದೆ. ತೆಗೆಯಬೇಕು ಅಂದರೆ ಬಣ್ಣ ಹೊಡೆದ ಜಿಪ್ಸಂ ಬೋರ್ಡ್ ಕುಯ್ಯಬೇಕು.

ಇಂಥ ಕೆಲಸ ಮಾಡಿಸುವವರು ಮೊದಲು ನಿಮ್ಮ ಸೆಟ್ಟನ್ನು ತಿರುಗಿಸಿ ನೋಡಿ. ಲೈನ್ ಔಟ್ ಅಥವಾ ಆಕ್ಸ್ ಔಟ್ ಅಂತ ಬರೆದಿದ್ದರೆ ಸೇರಿಸುವುದು ಸುಲಭ. ಆಕ್ಸ್ ಇನ್ ಇದ್ದರೆ ಉಪಯೋಗವಿಲ್ಲ, ಅದು ಒಳಗೆ ಬರುವ ದಾರಿ. ಬರೀ ಹೆಡ್‌ಫೋನ್ ತೂತಿದ್ದರೆ ಅಡುಗೆಮನೆಗೂ ಸೀಲಿಂಗ್ ಸ್ಪೀಕರ್ ಹಾಕಿಸಲೇಬೇಕು. ಸ್ಪೀಕರ್ ವೈರಿನಿಂದಲೇ ತೆಗೆಯುತ್ತೇವೆ ಅಂದರೆ ಮಧ್ಯೆ ಆ ಜೋರು ಸಿಗ್ನಲನ್ನು ಇಳಿಸಿ ಕೊಡುವ, ಟ್ರಾನ್ಸ್‌ಫಾರ್ಮರ್ ಇರುವ ಹೈ-ಲೋ ಕನ್ವರ್ಟರ್ ಹಾಕುತ್ತೀರಾ ಅಂತ ಕೇಳಿ. ಕಾರಿನ ಸ್ಟೀರಿಯೋ ಅಂಗಡಿಗಳಲ್ಲಿ ಈ ಕನ್ವರ್ಟರ್ ಸಿಗುತ್ತೆ. ಹೆಸರು ಕೇಳಿ ಅವನು ತಬ್ಬಿಬ್ಬಾದರೆ ಅಲ್ಲೇ ಬಿಡಿ. ಸೀಲಿಂಗ್ ಮುಚ್ಚುವ ಮೊದಲು ನಿಮ್ಮ ಸೆಟ್ಟನ್ನೇ ಹಾಕಿ ಎಲ್ಲ ರೂಮಿನಲ್ಲೂ ಕೇಳಿ. ವೈರಿನ ತುದಿ ಕೆರೆದು ನೋಡಿ. ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲ, ಆದರೆ ಅವನ ಮೆಸೇಜ್, ಯುಪಿಐ ಪಾವತಿ, ಸುಟ್ಟ ಐಸಿಯ ಫೋಟೋ ಎಲ್ಲ ಇಟ್ಟುಕೊಂಡಿದ್ದೇನೆ. ಗ್ರಾಹಕ ಆಯೋಗಕ್ಕೆ ಹೋಗಬೇಕಾದರೂ ಹೋಗುತ್ತೇನೆ. ಸದ್ಯಕ್ಕೆ ಅಮ್ಮ ಮೊಬೈಲಿನಲ್ಲೇ ಹಾಡು ಕೇಳುತ್ತಿದ್ದಾರೆ. ಅಂಥದೇ ಐಸಿಗೆ ರಿಪೇರಿಯವರು ಹುಡುಕುತ್ತಿದ್ದಾರೆ. ಮೈಸೂರಿನಲ್ಲಿ ಈ ವೈರಿಂಗ್ ಕೆಲಸ ನಿಜವಾಗಿ ಗೊತ್ತಿರುವವರು, ಬಿಲ್ ಕೊಟ್ಟು ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಾಲ್‌ನ ಸೀಲಿಂಗನ್ನು ಆದಷ್ಟು ಕಡಿಮೆ ಕುಯ್ದು ವೈರ್ ಬದಲಾಯಿಸಬೇಕಿದೆ.